ಎಳೆಯೋದು ಸರಿ, ಯಾಕೆ ಎಳೆಯೋದು?

ಆನ್‌ಲೈನ್ ಕೋರ್ಸಿನಲ್ಲಿ ಡ್ರ್ಯಾಗ್ ಅಂಡ್ ಡ್ರಾಪ್ ಪ್ರಶ್ನೆ ಬಂದರೆ ನಮಗೆಲ್ಲ ಸ್ವಲ್ಪ ಖುಷಿ. ಎ, ಬಿ, ಸಿ, ಡಿ ಒತ್ತಿ ಒತ್ತಿ ಸಾಕಾಗಿರುತ್ತದಲ್ಲ! ಆದರೆ ನಾಲ್ಕು ಹೆಸರು, ನಾಲ್ಕು ಖಾಲಿ ಡಬ್ಬಿ ಕೊಟ್ಟು ಜೋಡಿಸಿ ಅಂದರೆ ಅದು ಹೈಸ್ಕೂಲಿನ ‘ಹೊಂದಿಸಿ ಬರೆಯಿರಿ’ಯೇ. ಮೂರು ಗೊತ್ತಿದ್ದರೆ ನಾಲ್ಕನೆಯದು ಪುಕ್ಕಟೆ. ಎರಡು ಹೆಸರು ಹೆಚ್ಚಿಗೆ ಇಟ್ಟು ನೋಡಿ, ಆ ಆಟ ನಡೆಯೋದಿಲ್ಲ.

ಎಳೆಯುವ ಕ್ರಿಯೆಗೂ ಕಲಿಯುವ ವಿಷಯಕ್ಕೂ ನಂಟಿರಬೇಕು. ಯಾವುದು ಎಲ್ಲಿ ಕೂರುತ್ತದೆ, ಯಾವುದರ ನಂತರ ಯಾವುದು ಬರುತ್ತದೆ ಅನ್ನೋದೇ ಪಾಠವಾಗಿದ್ದರೆ ಎಳೆಯೋದಕ್ಕೆ ಅರ್ಥವಿದೆ. ನಮಗೆ ತುಂಬ ಹಿಡಿಸಿದ ಉದಾಹರಣೆ ಪಾರ್ಸನ್ಸ್ ಪ್ರಾಬ್ಲಂ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರಿಷಿಯಾ ಹೇಡನ್ 2006ರಲ್ಲಿ ಇದನ್ನು ಪ್ರಕಟಿಸಿದರು. ಕೋಡಿನ ಸಾಲುಗಳನ್ನು ಕಲೆಸಿ ಕೊಡುತ್ತಾರೆ, ನಾವು ಎಳೆದು ಕ್ರಮಕ್ಕೆ ತರಬೇಕು. ಸೆಮಿಕೋಲನ್ ಕಾಟ ಇಲ್ಲ, ತಲೆಯೆಲ್ಲ ತರ್ಕದ ಕಡೆಗೇ.

ಬೈನರಿ ಸರ್ಚ್ ತಗೊಳ್ಳಿ. ಹುಡುಕುವ ಸಂಖ್ಯೆ ಮಧ್ಯದ ಸಂಖ್ಯೆಗಿಂತ ದೊಡ್ಡದಿದ್ದಾಗ ‘ಲೋ = ಮಿಡ್ + 1’ ಬರಬೇಕು. ಅದರ ಪಕ್ಕದಲ್ಲೇ ‘ಲೋ = ಮಿಡ್’ ಅನ್ನೋ ಸಾಲನ್ನೂ ಇಡಿ. ನೋಡೋಕೆ ಎರಡೂ ಸರಿಯಾಗೇ ಕಾಣುತ್ತವೆ. ಆದರೆ ಲೋ 4, ಹೈ 5 ಇದ್ದಾಗ ಮಿಡ್ ಕೂಡ 4. ಲೋ ಅಲ್ಲೇ ನಿಂತಿತು, ಲೂಪ್ ಮುಗಿಯೋದೇ ಇಲ್ಲ! ಇಂಥ ಒಂದು ತಪ್ಪು ಸಾಲು ಹತ್ತು ಸುಲಭದ ಡಬ್ಬಿಗಳಿಗಿಂತ ಮೇಲು. ‘ತಪ್ಪು’ ಎಂದು ಕೆಂಪು ಬಣ್ಣ ತೋರಿಸಿದರೆ ಸಾಲದು. 4, 5 ಹಾಕಿ ಓಡಿಸಿ ನೋಡು ಅನ್ನಬೇಕು. ಪ್ರತಿ ಸಾಲು ಬಿಟ್ಟ ಕೂಡಲೇ ಸರಿ–ತಪ್ಪು ಹೇಳಿಬಿಟ್ಟರೆ ಯಾರೂ ಯೋಚಿಸೋದಿಲ್ಲ, ಒಂದೊಂದೇ ಇಟ್ಟು ನೋಡ್ತಾರೆ. ಪೂರ್ತಿ ಜೋಡಿಸಿದ ಮೇಲೆ ಹೇಳೋದು ಒಳ್ಳೆಯದು.

ಇನ್ನು ಕೋಡ್ ಬರೆಯುವವರಿಗೆ. ಎಚ್‌ಟಿಎಂಎಲ್5ರ ಡ್ರ್ಯಾಗ್ ಈವೆಂಟ್‌ಗಳು ಮೌಸ್‌ಗೆ ಚೆನ್ನ; ಮೊಬೈಲಿನಲ್ಲಿ ಬೆರಳಿನ ಎಳೆತಕ್ಕೆ ಅವನ್ನೇ ನೆಚ್ಚಿಕೊಳ್ಳಬೇಡಿ. ಪಾಯಿಂಟರ್ ಈವೆಂಟ್ ಬಳಸಿದರೆ ಮೌಸ್, ಬೆರಳು, ಪೆನ್ನು ಮೂರಕ್ಕೂ ಒಂದೇ ಕೋಡ್ ಸಾಕು. ಎಳೆಯುವ ತುಣುಕಿಗೆ ಸಿಎಸ್‌ಎಸ್‌ನಲ್ಲಿ ಟಚ್-ಆ್ಯಕ್ಷನ್ ನನ್ ಕೊಡದಿದ್ದರೆ ತುಣುಕಿನ ಬದಲು ಪುಟವೇ ಜಾರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಎಳೆಯಲು ಆಗದವರ ಗತಿ ಏನು? ಕೈ ನಡುಗುವವರಿದ್ದಾರೆ, ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಗೆಳೆಯರಿದ್ದಾರೆ, ಪರದೆ ನೋಡದೆ ಸ್ಕ್ರೀನ್ ರೀಡರ್‌ನಿಂದ ಓದುವವರಿದ್ದಾರೆ. ಬೈನರಿ ಸರ್ಚ್ ಚೆನ್ನಾಗಿ ಗೊತ್ತಿದ್ದೂ ತುಣುಕು ಕೈಜಾರಿ ಅಂಕ ಹೋದರೆ ನಾವು ಪರೀಕ್ಷಿಸಿದ್ದು ಏನನ್ನು? 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2 ಇದಕ್ಕೊಂದು ನಿಯಮ ಇಟ್ಟಿದೆ: ಎಳೆದು ಮಾಡುವ ಕೆಲಸವನ್ನು ಎಳೆಯದೆ, ಬರೀ ಒತ್ತಿ ಮಾಡಲೂ ದಾರಿ ಇರಬೇಕು. ದೊಡ್ಡ ಕಷ್ಟವೇನಲ್ಲ. ಸಾಲನ್ನು ಒಮ್ಮೆ ಒತ್ತಿದರೆ ಆಯ್ಕೆ, ಜಾಗವನ್ನು ಒತ್ತಿದರೆ ಅಲ್ಲಿಗೆ ಹೋಗಿ ಕೂರುತ್ತದೆ. ಎರಡನ್ನೂ ನಿಜವಾದ ಬಟನ್ ಆಗಿ ಬರೆದರೆ ಟ್ಯಾಬ್, ಎಂಟರ್ ಕೀಗಳೂ ಕೆಲಸ ಮಾಡುತ್ತವೆ. ಮುಂದಿನ ಪ್ರಾಜೆಕ್ಟಿನಲ್ಲಿ ಕ್ವಿಜ್ ಮಾಡುವವರು ಡೆಮೊಗೆ ಮುಂಚೆ ಒಂದು ಸಲ ಮೌಸ್ ಕಿತ್ತಿಟ್ಟು, ಕೀಬೋರ್ಡಿನಲ್ಲೇ ಎಲ್ಲ ಸಾಲು ಜೋಡಿಸಿ ನೋಡಿ.