ಹಾಲಿನ ಲೆಕ್ಕ, ಟಿವಿ ಲೆಕ್ಕ

ಹಾಲಿನವನು ಒಂದು ದಿನ ಬರದಿದ್ದರೆ ನಮ್ಮಮ್ಮ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಇಂಟು ಹಾಕುತ್ತಾರೆ. ತಿಂಗಳ ಕೊನೆಗೆ ಅಷ್ಟು ದುಡ್ಡು ಕಟ್. ಅದೇ ಮನೆಯಲ್ಲಿ ನಾನು ಡಿಟಿಎಚ್‌ಗೆ ತಿಂಗಳಿಗೆ 480 ರೂಪಾಯಿ, ಅಂದರೆ ವರ್ಷಕ್ಕೆ 5,760, ಕಣ್ಣುಮುಚ್ಚಿ ರೀಚಾರ್ಜ್ ಮಾಡಿಸುತ್ತಿದ್ದೆ. ಯಾವ ಚಾನೆಲ್ಲನ್ನು ಯಾರು ನೋಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ದರ ಏರಿಸಿದ ಮೆಸೇಜ್ ಬಂದ ದಿನ ಸಿಟ್ಟಿಗೆ ರೀಚಾರ್ಜ್ ನಿಲ್ಲಿಸಿದೆ. ಬ್ರಾಡ್‌ಬ್ಯಾಂಡ್ ಹೇಗೂ ಇದೆ, ಆ್ಯಪ್ ಸಾಕು ಅಂದುಕೊಂಡೆ. ಕ್ರಿಕೆಟ್ಟಿಗೆ ಒಂದು, ಧಾರಾವಾಹಿಗೆ ಇನ್ನೊಂದು, ಮಗಳಿಗೆ ಮತ್ತೊಂದು. ಮೂರು ತಿಂಗಳು ಬಿಟ್ಟು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ತಿಂಗಳಿಗೆ 550 ಸದ್ದಿಲ್ಲದೆ ಸೋರುತ್ತಿತ್ತು. ಎಲ್ಲಕ್ಕೂ ಆಟೊ ಪೇ ಒತ್ತಿದ್ದವನು ನಾನೇ. ಅಮ್ಮನಿಗೋ ರಿಮೋಟಿನಲ್ಲಿ ನಂಬರ್ ಒತ್ತಿಯೇ ಅಭ್ಯಾಸ. ಸಂಜೆಯಾದರೆ "ನನ್ನ ಧಾರಾವಾಹಿ ಹಾಕಿಕೊಡೋ" ಎಂದು ನನಗಾಗಿ ಕಾಯಬೇಕಾಗಿತ್ತು.

ಆಮೇಲೆ ಹೊಳೆದದ್ದು ಡಿಡಿ ಫ್ರೀ ಡಿಶ್. 2004ರಿಂದ ಪ್ರಸಾರ ಭಾರತಿ ನಡೆಸುತ್ತಿರುವ ಈ ಸೇವೆಗೆ ತಿಂಗಳ ಬಾಡಿಗೆಯೇ ಇಲ್ಲ. ಹಬ್ಬಕ್ಕೆ, ರಜೆಗೆ ಮಾತ್ರ ಬಾಗಿಲು ತೆರೆಯುವ ಊರಿನ ಮನೆಗೆ ಹಾಕಿಸಿದೆ. ತಟ್ಟೆ, ಬಾಕ್ಸು, ಕೂರಿಸಿದವನ ಕೂಲಿ ಸೇರಿ 1,800 ಆಯಿತು, ಅದೂ ಒಂದೇ ಸಲ. ಚಂದನ ಬರುತ್ತದೆ, 'ಥಟ್ ಅಂತ ಹೇಳಿ'ಗೆ ಮಗಳೂ ನಾನೂ ಪೈಪೋಟಿಗೆ ಬೀಳುತ್ತೇವೆ. ಆದರೆ ಅಮ್ಮನ ಧಾರಾವಾಹಿಗಳು ಅದರಲ್ಲಿ ಬರಲಿಲ್ಲ. ಹಾಗಾಗಿ ನಾವಿರುವ ಮೈಸೂರಿನ ಮನೆಗೆ ಅದು ಒಗ್ಗುವಂತಿರಲಿಲ್ಲ.

ಕೊನೆಗೆ ಉಪಾಯ ಹೇಳಿದ್ದು ಅಮ್ಮನೇ. "ಹಾಲಿನ ಹಾಗೆ ಇದನ್ನೂ ಬರೆದಿಡೋ" ಅಂದರು. ಡಿಟಿಎಚ್‌ಗೆ ಮತ್ತೆ ಒಂದು ತಿಂಗಳ ರೀಚಾರ್ಜ್ ಮಾಡಿಸಿ, ಕ್ಯಾಲೆಂಡರಿನ ಹಳೇ ಹಾಳೆಯೊಂದನ್ನು ಮಗುಚಿ ಟಿವಿ ಪಕ್ಕ ಅಂಟಿಸಿದೆವು. ಯಾರು ಯಾವ ಚಾನೆಲ್ ನೋಡಿದರೂ ಒಂದು ಗೀಟು. ಹದಿನೈದು ದಿನಕ್ಕೆ ಲೆಕ್ಕ ಹಾಕಿದರೆ, ದುಡ್ಡು ಕೊಡಬೇಕಾದ ಚಾನೆಲ್‌ಗಳಲ್ಲಿ ಗೀಟು ಬಿದ್ದದ್ದು ನಾಲ್ಕಕ್ಕೆ ಮಾತ್ರ.

2019ರಲ್ಲಿ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಬೇಕಾದ ಚಾನೆಲ್ಲನ್ನು ಬಿಡಿಯಾಗಿಯೇ ಕೊಳ್ಳಬಹುದು. ಡಿಟಿಎಚ್ ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ "ಪ್ಯಾಕ್ ತಗೊಂಡ್ರೆ ಲಾಭ ಸಾರ್" ಎಂದು ಎರಡು ಸಲ ಎಳೆದ. ನಾನು ಹಾಳೆ ನೋಡಿಕೊಂಡು ನಾಲ್ಕೇ ಹೆಸರು ಹೇಳಿದೆ. ಉಚಿತ ಚಾನೆಲ್‌ಗಳ ಮೂಲ ಶುಲ್ಕ 130, ನಾಲ್ಕು ಚಾನೆಲ್‌ಗೆ 60, ಅದರ ಮೇಲೆ ಶೇ 18 ಜಿಎಸ್‌ಟಿ; ಒಟ್ಟು 224 ರೂಪಾಯಿ 20 ಪೈಸೆ ಆಯಿತು. ಆ್ಯಪ್‌ಗಳ ಆಟೊ ಪೇ ಮೂರನ್ನೂ ತೆಗೆದೆ. ಕ್ರಿಕೆಟ್ ಸರಣಿ ಇದ್ದಾಗ ಒಂದು ತಿಂಗಳಿಗೆ ಮಾತ್ರ ಹಾಕಿಸಿಕೊಳ್ಳುವುದು ಎಂದಾಯಿತು.

ಹಳೇ ಬಿಲ್ಲಿಗೆ ಹೋಲಿಸಿದರೆ ತಿಂಗಳಿಗೆ 250ಕ್ಕೂ ಹೆಚ್ಚು ಉಳಿತಾಯ ಎಂದು ಬೀಗುತ್ತಿದ್ದೆ. "ಉಳಿದ ದುಡ್ಡು ಎಲ್ಲೋ?" ಅಂದರು ಅಮ್ಮ. ಉತ್ತರವಿರಲಿಲ್ಲ, ಅದು ಹೋಟೆಲಿನ ಮಸಾಲೆ ದೋಸೆಯಾಗಿ ಕರಗಿತ್ತು. ಮರುದಿನವೇ ಅಂಚೆ ಕಚೇರಿಯಲ್ಲಿ 250 ರೂಪಾಯಿಯ ಆರ್‌ಡಿ ತೆರೆದೆ. ಐದು ವರ್ಷಕ್ಕೆ ಅಸಲೇ 15,000, ಬಡ್ಡಿ ಬೇರೆ.

ಈಗ ಕ್ಯಾಲೆಂಡರಿನಲ್ಲಿ ಹಾಲಿನ ಇಂಟುಗಳ ನಡುವೆ ತಿಂಗಳಿಗೊಂದು ರೈಟ್ ಗುರುತು ಬೀಳುತ್ತದೆ. ನಾನು ಆರ್‌ಡಿ ಕಟ್ಟಿದ ರಸೀದಿ ತೋರಿಸಿದ ಮೇಲೆಯೇ ಅಮ್ಮ ಅದನ್ನು ಹಾಕುವುದು.