ಹಡಗಿನ ಹೊರಮೈ

ಬಂದರಿನಲ್ಲಿ ನಿಂತ ಹಡಗನ್ನು ಕಂಡವರು ಅದರ ಗಾತ್ರಕ್ಕೆ ಬೆರಗಾಗುತ್ತಾರೆ. ಅದರ ಹೊರಮೈಯ ಬಾಗುಬಳುಕುಗಳನ್ನು ಗಮನಿಸುವವರು ವಿರಳ. ನೀರನ್ನು ಸೀಳುವ ಮುಂಭಾಗವು ಚೂಪಾಗಿಯೂ, ಸರಕನ್ನು ಹೊರುವ ನಡುಭಾಗವು ಅಗಲವಾಗಿಯೂ, ಹಿಂಭಾಗವು ಮತ್ತೆ ಕಿರಿದಾಗಿಯೂ ಇರುತ್ತವೆ. ಆದರೆ ಕಾರ್ಖಾನೆಯಿಂದ ಬರುವ ಉಕ್ಕಿನ ಫಲಕಗಳೆಲ್ಲವೂ ಚಪ್ಪಟೆ. ಚಪ್ಪಟೆಯಾದ ಫಲಕಗಳಿಂದ ಬಾಗಿದ ಒಡಲನ್ನು ಕಟ್ಟುವುದು ಹೇಗೆ?

ಈ ಪ್ರಶ್ನೆಯ ಮೂಲ ಗಣಿತದಲ್ಲಿದೆ. ಸಂತೆಯಲ್ಲಿ ಕಡಲೆಕಾಯಿ ಮಾರುವವನು ಕಾಗದವನ್ನು ಸುತ್ತಿ ಪೊಟ್ಟಣ ಮಾಡುತ್ತಾನೆ. ಬಿಚ್ಚಿದರೆ ಅದು ಮತ್ತೆ ಚಪ್ಪಟೆಯಾದ ಕಾಗದವೇ. ಕಿತ್ತಳೆಯ ಸಿಪ್ಪೆ ಹಾಗಲ್ಲ. ಅದನ್ನು ಒತ್ತಿ ಹರಡಲು ಹೋದರೆ ಅಂಚು ಸೀಳುತ್ತದೆ. ಪೊಟ್ಟಣದ ಶಂಕು ಒಂದೇ ದಿಕ್ಕಿನಲ್ಲಿ ಬಾಗಿದೆ. ಗೋಳವು ಎಲ್ಲ ದಿಕ್ಕುಗಳಲ್ಲಿಯೂ ಬಾಗಿದೆ. ಜರ್ಮನಿಯ ಗಣಿತಜ್ಞನಾದ ಕಾರ್ಲ್ ಫ್ರೆಡ್ರಿಕ್ ಗೌಸನು 1827ರಲ್ಲಿ ಇದರ ರಹಸ್ಯವನ್ನು ತೋರಿಸಿಕೊಟ್ಟನು. ಮೈಯ ಒಂದು ಬಿಂದುವಿನಲ್ಲಿರುವ ಅತಿ ಹೆಚ್ಚಿನ ಬಾಗನ್ನೂ ಅತಿ ಕಡಿಮೆಯ ಬಾಗನ್ನೂ ಗುಣಿಸಿದರೆ ಬರುವ ಬೆಲೆಯು, ಆ ಮೈಯನ್ನು ಹಿಗ್ಗಿಸದೆ ಕುಗ್ಗಿಸದೆ ಎಷ್ಟು ಬಳುಕಿಸಿದರೂ ಬದಲಾಗುವುದಿಲ್ಲ. ಚಪ್ಪಟೆಯಾದ ಹಾಳೆಗೆ ಈ ಗುಣಲಬ್ಧವು 0, ಶಂಕುವಿಗೂ 0, ಗೋಳಕ್ಕೆ ಮಾತ್ರ 0 ಅಲ್ಲ. ಆದ್ದರಿಂದ ಗೋಳವನ್ನು ಹಿಗ್ಗಿಸದೆ ಹಾಸುವುದು ಎಂಥ ಜಾಣನಿಗೂ ಅಸಾಧ್ಯ.

ಗಣಕಯಂತ್ರವು ಬರುವ ಮೊದಲು ಹಡಗುಕಟ್ಟೆಗಳಲ್ಲಿ ವಿಶಾಲವಾದ ಅಟ್ಟವೊಂದು ಇರುತ್ತಿತ್ತು. ಅದರ ನೆಲದ ಮೇಲೆ ಹಡಗಿನ ರೇಖೆಗಳನ್ನು ನಿಜವಾದ ಅಳತೆಯಲ್ಲಿಯೇ ಬರೆದು, ಮರದ ಅಚ್ಚುಗಳನ್ನು ಮಾಡಿ, ಅವುಗಳಂತೆ ಉಕ್ಕನ್ನು ಕತ್ತರಿಸುತ್ತಿದ್ದರು. ನಯವಾದ ವಕ್ರರೇಖೆಯನ್ನೆಳೆಯಲು ಬಳುಕುವ ತೆಳುವಾದ ಪಟ್ಟಿಯೊಂದನ್ನು ಬಳಸುತ್ತಿದ್ದರು. ಅದರ ಹೆಸರು ಸ್ಪ್ಲೈನ್. ಇಂದು ಪರದೆಯ ಮೇಲೆ ಹಡಗನ್ನು ರೂಪಿಸುವ ಗಣಿತರೇಖೆಗಳಿಗೂ ಅದೇ ಹೆಸರು ಉಳಿದುಬಂದಿದೆ.

ಈಗ ವಿನ್ಯಾಸಕಾರನು ಕೆಲವು ಬಿಂದುಗಳನ್ನು ಗೊತ್ತುಪಡಿಸುತ್ತಾನೆ. ತಂತ್ರಾಂಶವು ಅವುಗಳನ್ನು ಅನುಸರಿಸಿ ನಯವಾದ ಮೈಯನ್ನು ಹೆಣೆಯುತ್ತದೆ. ಆಮೇಲೆ ಅವನು ಬೆಸುಗೆಯ ಗೆರೆಗಳನ್ನೆಳೆದು ಆ ಮೈಯನ್ನು ಫಲಕಗಳಾಗಿ ವಿಭಾಗಿಸುತ್ತಾನೆ. ಎಲ್ಲಿ ಎಷ್ಟು ಬಾಗು ಇದೆಯೆಂಬುದನ್ನು ಬಣ್ಣಗಳು ತೋರಿಸುತ್ತವೆ. ತಂತ್ರಾಂಶವು ಪ್ರತಿಯೊಂದು ಫಲಕವನ್ನೂ ಸಣ್ಣ ಸಣ್ಣ ತ್ರಿಭುಜಗಳಾಗಿ ಒಡೆದು, ಅವುಗಳನ್ನು ಒಂದರ ಪಕ್ಕದಲ್ಲೊಂದು ಸಮತಲದ ಮೇಲೆ ಹಾಸುತ್ತದೆ. ಹೀಗೆ ದೊರೆತ ಆಕಾರವನ್ನು ಅನುಸರಿಸಿ ಯಂತ್ರವು ಉಕ್ಕನ್ನು ಕತ್ತರಿಸುತ್ತದೆ.

ಕತ್ತರಿಸಿದ ಫಲಕವು ಒಂದೇ ದಿಕ್ಕಿನಲ್ಲಿ ಬಾಗಬೇಕಾಗಿದ್ದರೆ ಅದನ್ನು ಉರುಳೆಗಳ ನಡುವೆ ಹಾಯಿಸಿದರೆ ಸಾಕು. ಸರಿಯಾಗಿ ಬಾಗಿತೋ ಇಲ್ಲವೋ ಎಂದು ಅರಿಯಲು ಒಂದು ಸೊಗಸಾದ ಉಪಾಯವುಂಟು. ಚಪ್ಪಟೆಯಾದ ಫಲಕದ ಮೇಲೆ ಮೊದಲೇ ಲೆಕ್ಕಹಾಕಿ ಡೊಂಕು ಗೆರೆಗಳನ್ನು ಗುರುತಿಸಿರುತ್ತಾರೆ. ಫಲಕವು ಸರಿಯಾಗಿ ಬಾಗಿದಾಗ, ಪಕ್ಕದಿಂದ ನೋಡಿದರೆ ಆ ಗೆರೆಗಳು ನೇರವಾಗಿ ಕಾಣುತ್ತವೆ. ಎರಡು ದಿಕ್ಕುಗಳಲ್ಲಿ ಬಾಗಬೇಕಾದ ಫಲಕಕ್ಕೆ ಉರುಳೆ ಮಾತ್ರವೇ ಸಾಲದು. ನುರಿತ ಕೆಲಸಗಾರನು ಅದನ್ನು ಗೆರೆಗೆರೆಯಾಗಿ ಬೆಂಕಿಯಿಂದ ಕಾಯಿಸಿ, ತಣ್ಣೀರಿನಿಂದ ತಣಿಸುತ್ತಾನೆ. ಕಾದ ಉಕ್ಕು ಕುಗ್ಗುವಾಗ ಫಲಕವು ಮೆಲ್ಲಗೆ ಬಾಗುತ್ತದೆ. ಈ ಕೆಲಸಕ್ಕೆ ಬಹುಕಾಲದ ಅನುಭವ ಬೇಕು.

ಇಲ್ಲಿಯೇ ವಿನ್ಯಾಸಕಾರನ ವಿವೇಕದ ಪರೀಕ್ಷೆ. ಎಂಥ ಬಾಗಿದ ಮೈಯನ್ನು ಕೊಟ್ಟರೂ ತಂತ್ರಾಂಶವು ಅದನ್ನು ಹೇಗಾದರೂ ಹಾಸಿ ತೋರಿಸಬಲ್ಲದು. ಆದರೆ ಪರದೆಯ ಮೇಲೆ ಸುಲಭವಾಗಿ ಹಿಗ್ಗಿದ್ದು ಉಕ್ಕಿನಲ್ಲಿ ಹಾಗೆ ಹಿಗ್ಗುವುದಿಲ್ಲ. ಹಿಗ್ಗಬೇಕಾದ ಪ್ರಮಾಣವನ್ನು ಕಡೆಗಣಿಸಿ ಕತ್ತರಿಸಿದ ಫಲಕವು ನೆರೆಯ ಫಲಕದೊಡನೆ ಕೂಡುವುದಿಲ್ಲ. ಬಲವಂತವಾಗಿ ಎಳೆದು ಬೆಸೆದರೆ ಆ ಸೆಳೆತವು ಒಡಲಿನಲ್ಲಿಯೇ ಉಳಿದುಬಿಡುತ್ತದೆ. ಅದಕ್ಕಾಗಿಯೇ ಜಾಣನಾದ ವಿನ್ಯಾಸಕಾರನು ಸಾಧ್ಯವಾದಲ್ಲೆಲ್ಲ ಒಂದೇ ದಿಕ್ಕಿನಲ್ಲಿ ಬಾಗುವ ಮೈಯನ್ನು ಆರಿಸುತ್ತಾನೆ. ನೀರಿನ ಹರಿವಿಗೆ ಅನಿವಾರ್ಯವಾದಲ್ಲಿ ಮಾತ್ರ ಎರಡು ಬಾಗುಗಳನ್ನು ಇಡುತ್ತಾನೆ. ಅನೇಕ ಸಣ್ಣ ಉಕ್ಕಿನ ದೋಣಿಗಳ ಹೊರಮೈಯನ್ನು ಪೂರ್ತಿಯಾಗಿ ಇದೇ ಬಗೆಯಲ್ಲಿ ರೂಪಿಸುವುದುಂಟು.

ಲೆಕ್ಕ ಮಾಡುವುದು ಯಂತ್ರದ ಕೆಲಸ. ಯಾವ ಲೆಕ್ಕವನ್ನು ಒಪ್ಪಬೇಕೆಂದು ನಿರ್ಧರಿಸುವುದು ಮನುಷ್ಯನ ಹೊಣೆ. ಉಕ್ಕಿನ ಸ್ವಭಾವವನ್ನು ಅರಿತು ಎಳೆದ ಗೆರೆಯೇ ಕಡಲಿನಲ್ಲಿ ಹಡಗನ್ನು ಕಾಯುತ್ತದೆ.