ಮದ್ಯಸೇವನೆಯ ನಂತರ ಮುಖ ಕೆಂಪೇರುವಿಕೆ ಮತ್ತು ಅಲರ್ಜಿ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳು ಹಾಗೂ ಗ್ರಾಮ ಪಂಚಾಯಿತಿಗಳ ಅಧ್ಯಯನಕ್ಕಾಗಿ)

1. ದೇಹದಲ್ಲಿ ನಡೆಯುವುದೇನು?

ಮದ್ಯಸಾರವನ್ನು ಯಕೃತ್ತು ಎರಡು ಹಂತಗಳಲ್ಲಿ ವಿಭಜಿಸುತ್ತದೆ. ಮೊದಲು ಅದು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗುತ್ತದೆ. ಬಳಿಕ ಕಿಣ್ವವೊಂದು ಅದನ್ನು ಅಸಿಟೇಟ್ ಆಗಿ ಪರಿವರ್ತಿಸುತ್ತದೆ. ಈ ಕಿಣ್ವವು ದುರ್ಬಲವಾಗಿದ್ದರೆ ಅಥವಾ ಅದಕ್ಕೆ ತಡೆಯುಂಟಾದರೆ ವಿಷವಸ್ತು ರಕ್ತದಲ್ಲಿ ಸಂಗ್ರಹವಾಗಿ ಮುಖ ಕೆಂಪೇರುವುದು, ಎದೆಬಡಿತ, ತಲೆನೋವು ಹಾಗೂ ವಾಂತಿ ಕಂಡುಬರುತ್ತವೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದೆ ಮುಖ ಬಿಸಿಯೇರಿದ ಅನುಭವ ಮಾತ್ರ ಆಗಬಹುದು.

ಈ ಕಿಣ್ವದ ದೌರ್ಬಲ್ಯವು ಚೀನಾ, ಜಪಾನ್ ಮತ್ತು ಕೊರಿಯಾದ ಜನರಲ್ಲಿ ವಂಶಪಾರಂಪರ್ಯವಾಗಿ ಸಾಮಾನ್ಯ; ಭಾರತದಲ್ಲಿ ವಿರಳ. ಆದುದರಿಂದ ಹಿಂದೆ ಈ ತೊಂದರೆ ಇಲ್ಲದಿದ್ದವರಲ್ಲಿ ಅದು ಹಠಾತ್ತನೆ ಕಂಡರೆ, ಔಷಧ ಅಥವಾ ರಾಸಾಯನಿಕವೇನಾದರೂ ಕಾರಣವೇ ಎಂದು ಮೊದಲು ವಿಚಾರಿಸತಕ್ಕದ್ದು.

2. ಅಲರ್ಜಿ ಬೇರೆ

ಮದ್ಯಸಾರಕ್ಕೇ ಅಲರ್ಜಿಯಾಗುವುದು ಅಪರೂಪ. ಬಿಯರ್‌ನಲ್ಲಿರುವ ಬಾರ್ಲಿ, ಯೀಸ್ಟ್ ಅಥವಾ ಗೋಧಿಯ ಅಂಶಗಳಿಂದ ಮೈಮೇಲೆ ದದ್ದು, ತುಟಿ ಹಾಗೂ ನಾಲಿಗೆಯ ಊತ ಉಂಟಾಗಬಹುದು. ವೈನ್‌ನಲ್ಲಿರುವ ಸಲ್ಫೈಟ್ ಅಸ್ತಮಾ ಇರುವವರಲ್ಲಿ ಉಬ್ಬಸ ತರಬಲ್ಲದು.

3. ಔಷಧ ಮತ್ತು ಬೀಜೋಪಚಾರ

ಭೇದಿ ಹಾಗೂ ಹಲ್ಲಿನ ಸೋಂಕಿಗೆ ನೀಡುವ ಮೆಟ್ರೊನಿಡಜೋಲ್, ಟಿನಿಡಜೋಲ್ ಮಾತ್ರೆಗಳನ್ನು ಸೇವಿಸುವಾಗ ಮತ್ತು ನಿಲ್ಲಿಸಿದ ನಂತರ ಕನಿಷ್ಠ 3 ದಿನ ಮದ್ಯ ವರ್ಜ್ಯ.

ಶೇಂಗಾ ಬಿತ್ತನೆಗೆ ಮುನ್ನ ಬೀಜೋಪಚಾರಕ್ಕೆ ಬಳಸಲಾಗುವ ಶಿಲೀಂಧ್ರನಾಶಕಗಳಲ್ಲಿ ಥೈರಮ್ ಒಂದು. ಇದು ಕುಡಿತ ಬಿಡಿಸಲು ನೀಡುವ ಡೈಸಲ್ಫಿರಾಮ್‌ನ ನಿಕಟ ಸಂಬಂಧಿ. ಕೈಗವಸು, ಮುಖಗವಸು ಇಲ್ಲದೆ ಇದನ್ನು ಬೀಜಕ್ಕೆ ಬೆರೆಸಿದವರು ಅನಂತರ ಕುಡಿದರೆ ಇದೇ ಪ್ರತಿಕ್ರಿಯೆ ಉಂಟಾಗಬಹುದು. ದಣಿವು ಕಳೆಯಲು ಕುಡಿಯುವ ರೂಢಿಯಿರುವವರಿಗೆ ಬಿತ್ತನೆಯ ಹಂಗಾಮಿನಲ್ಲಿ ಇದನ್ನು ತಿಳಿಸುವುದು ಅವಶ್ಯ.

4. ಗುಟ್ಟಾಗಿ ಮಾತ್ರೆ ಬೆರೆಸುವುದು ಅಪಾಯ

ಡೈಸಲ್ಫಿರಾಮ್ ಆ ಕಿಣ್ವವನ್ನು ತಡೆಯುತ್ತದೆ. ಡೆನ್ಮಾರ್ಕ್‌ನ ವಿಜ್ಞಾನಿಗಳಾದ ಹಾಲ್ಡ್ ಮತ್ತು ಯಾಕೊಬ್ಸನ್ 1940ರ ದಶಕದಲ್ಲಿ ಈ ಗುಣವನ್ನು ಗುರುತಿಸಿದರು. ಮಾತ್ರೆ ತೆಗೆದುಕೊಂಡಿದ್ದೇನೆಂಬ ಅರಿವೇ ರೋಗಿಯನ್ನು ಮದ್ಯದಿಂದ ದೂರವಿಡುವುದು ಈ ಚಿಕಿತ್ಸೆಯ ತಿರುಳು.

ಮನೆಯ ನೆಮ್ಮದಿ ಕೆಟ್ಟ ಹೆಣ್ಣುಮಕ್ಕಳು ಇಂಥ ಮಾತ್ರೆಯನ್ನು ಅನ್ನ, ಸಾರು ಅಥವಾ ಚಹಾದಲ್ಲಿ ಬೆರೆಸಲು ಮುಂದಾಗುವುದರ ಹಿಂದಿನ ಸಂಕಟ ಅರ್ಥವಾಗುವಂಥದ್ದೇ. ಆದರೆ ತಿಳಿಯದೆ ಮಾತ್ರೆ ಸೇವಿಸಿದವನು ಎಂದಿನಂತೆ ಕುಡಿದರೆ ರಕ್ತದೊತ್ತಡ ಕುಸಿದು, ಹೃದಯದ ಲಯ ತಪ್ಪಿ ಪ್ರಾಣವೇ ಹೋಗಬಹುದು. ಕೊನೆಯ ಮಾತ್ರೆಯ ನಂತರವೂ ಇದರ ಪರಿಣಾಮ 2 ವಾರಗಳವರೆಗೆ ಉಳಿಯಬಲ್ಲದು. ಮದ್ಯಸಾರವಿರುವ ಕೆಮ್ಮಿನ ಔಷಧ ಹಾಗೂ ಅರಿಷ್ಟಗಳೂ ಆ ಅವಧಿಯಲ್ಲಿ ವರ್ಜ್ಯ. ಆದ್ದರಿಂದ ವೈದ್ಯರ ಪರೀಕ್ಷೆ ಮತ್ತು ರೋಗಿಯ ಒಪ್ಪಿಗೆ ಇಲ್ಲದೆ ಈ ಮಾತ್ರೆಯನ್ನು ನೀಡಲೇಬಾರದು. ಹೆಸರಿಲ್ಲದ ‘ಕುಡಿತ ಬಿಡಿಸುವ ಪುಡಿ’ಯಲ್ಲಿ ಏನಿದೆಯೆಂದು ತಿಳಿಯದಿರುವುದರಿಂದ ಅದನ್ನೂ ಬಳಸಬಾರದು.

5. ಕೈಗೊಳ್ಳಬೇಕಾದ ಕ್ರಮ

ಅ) ಉಸಿರಾಟದ ತೊಂದರೆ, ನಾಲಿಗೆ ಊತ, ಎದೆನೋವು, ಪ್ರಜ್ಞೆ ತಪ್ಪುವಿಕೆ ಅಥವಾ ಕಣ್ಣು ಮಂಜಾಗುವಿಕೆ ಕಂಡರೆ ಕೂಡಲೇ 108ಕ್ಕೆ ಕರೆ ಮಾಡುವುದು.
ಆ) ಪ್ರಜ್ಞೆ ತಪ್ಪಿ ಉಸಿರಾಡುತ್ತಿರುವವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು.
ಇ) ಸೇವಿಸಿದ ಮಾತ್ರೆಯ ಹಾಳೆ ಅಥವಾ ಬಳಸಿದ ರಾಸಾಯನಿಕದ ಹೆಸರನ್ನು ವೈದ್ಯರಿಗೆ ತಿಳಿಸುವುದು. ಮನೆಯವರು ಮಾತ್ರೆ ಬೆರೆಸಿದ್ದರೆ ಅದನ್ನು ಮುಚ್ಚಿಡಬಾರದು.
ಈ) ಅಲರ್ಜಿ ಮಾತ್ರೆ ನುಂಗಿ ಕುಡಿತ ಮುಂದುವರಿಸಬಾರದು. ಕೆಂಪು ಮರೆಯಾದರೂ ವಿಷ ಉಳಿಯುತ್ತದೆ.
ಉ) ಪ್ರತಿದಿನ ಅತಿಯಾಗಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಸಂಭವವಿದೆ. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರ ಸಲಹೆ ಪಡೆದೇ ನಿಲ್ಲಿಸುವುದು. ಮಾನಸಿಕ ಆರೋಗ್ಯ ಸಲಹೆಗೆ ಟೆಲಿ-ಮನಸ್ ಸಹಾಯವಾಣಿ 14416 ಲಭ್ಯವಿದೆ.

6. ಚರ್ಚೆಗೆ ಪ್ರಶ್ನೆಗಳು

1) ಮುಖ ಕೆಂಪೇರುವುದಕ್ಕೂ ಅಲರ್ಜಿಗೂ ಇರುವ ವ್ಯತ್ಯಾಸವೇನು?
2) ಬೀಜೋಪಚಾರ ಮಾಡುವವರಿಗೆ ಯಾವ ಎಚ್ಚರಿಕೆ ನೀಡಬೇಕು?
3) ಪತಿಗೆ ತಿಳಿಯದಂತೆ ಮಾತ್ರೆ ಕೊಡಬೇಕೆಂದಿರುವ ಮಹಿಳೆಗೆ ಯಾವ ಸುರಕ್ಷಿತ ದಾರಿ ತೋರಿಸಬಹುದು?